ಹನ್ನೊಂದು ಕಾಳು ನೀರು

ಬಹೂಸನ ಮನೆಯಲ್ಲಿ ಬೆಲೆಬಾಳುವ ವಸ್ತು ಅಂತ ಇದ್ದದ್ದು ಒಂದೇ, ತೂತು ಕೊರೆದ ತಾಮ್ರದ ತಗಡು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಅವನಿಗೆ ಬಂದದ್ದು. ತುವಾತ್ ಸೀಮೆಯ ಮರಳಿನಡಿ ಹರಿದು ಬರುವ ಸುರಂಗ ಕಾಲುವೆಗೆ ಫೊಗ್ಗಾರ ಎನ್ನುತ್ತಾರೆ. ಅದು ಬಯಲಿಗೆ ಬೀಳುವ ಕಡೆ ತಗಡನ್ನು ಅಡ್ಡ ನಿಲ್ಲಿಸಿ, ನೀರು ಅಂಚಿಗೆ ಸಮನಾಗುವವರೆಗೆ ತೂತುಗಳನ್ನು ಜೇಡಿಮಣ್ಣಿನಿಂದ ಮುಚ್ಚುತ್ತ ಬರಬೇಕು. ತೆರೆದುಳಿದ ತೂತು ಎಷ್ಟೋ ಅಷ್ಟು ಕಾಳು ನೀರು. ನಲವತ್ತು ಮನೆಗಳ ಖರ್ಜೂರ, ಗೋಧಿ, ಪುದೀನ ಎಲ್ಲವೂ ಆ ಕಾಳುಗಳ ಮೇಲೆಯೇ ನಿಂತಿದ್ದವು. ಮದುವೆಯ ಮಾತುಕತೆಯಲ್ಲಿ ಹೆಣ್ಣಿನ ಹೆಸರಿಗೆ ಅರ್ಧ ಕಾಳು ನೀರು ಬರೆಸಿಕೊಳ್ಳುವ ಊರು ಅದು.

ಮೂವತ್ತೆಂಟು ವರ್ಷ ನೀರು ಅಳೆದ ಬಹೂಸ್ ಒಂದು ಕಟ್ಟಳೆಯನ್ನು ಎಂದೂ ಮುರಿದವನಲ್ಲ. ನೀರಿನ ವಾರಸುದಾರರು ಎದುರಿಗೆ ನಿಲ್ಲದೆ ತಗಡು ನೀರಿಗಿಳಿಯುವಂತಿಲ್ಲ. ಒಮ್ಮೆ ಜ್ವರದಲ್ಲಿ ಮಲಗಿದ್ದ ಪಾಲುದಾರನನ್ನು ಚಾಪೆ ಸಮೇತ ಕಾಲುವೆ ದಂಡೆಗೆ ಹೊರಿಸಿಕೊಂಡು ಬಂದಿದ್ದ. ಊರು ಬಿದ್ದು ಬಿದ್ದು ನಕ್ಕಿತು, ಜ್ವರದವನು ಬಾಯಿಗೆ ಬಂದಂತೆ ಬೈದ, ಬಹೂಸ್ ಮಾತ್ರ ತನ್ನ ಪಾಡಿಗೆ ತಾನು ಅಳೆದ.

ಅಂಥವನ ಕೈಯಲ್ಲಿ ಈ ವರ್ಷ ಹದಿನೇಳು ಕಾಳಿನ ಫೊಗ್ಗಾರ ಹನ್ನೊಂದಕ್ಕೆ ಇಳಿದುಬಿಟ್ಟಿತು. ದೊಡ್ಡ ಪಾಲುದಾರ ಲಖ್ದರನ ನಾಲಿಗೆಗೆ ಎಲುಬಿಲ್ಲ, ಅದಂತೂ ಊರಿಗೇ ಗೊತ್ತು.

"ನೀರು ಎಲ್ಲಿಗೂ ಹೋಗಿಲ್ಲ ಕಣ್ರೋ," ಅಂದ ಅವನು. "ಇವನ ಕಣ್ಣಿಗೆ ಪೊರೆ ಬಂದೈತೆ. ಆರು ಕಾಳು ಇವನ ಬೆರಳೇ ನುಂಗೈತೆ."

ಜನ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಶುಕ್ರವಾರದೊಳಗೆ ಕಾರಣ ಹೇಳಬೇಕು, ಇಲ್ಲದಿದ್ದರೆ ತಗಡು ಬೇರೆಯವರ ಕೈಗೆ ಎಂದು ಪಂಚಾಯಿತಿ ತೀರ್ಮಾನಿಸಿತು. ಮೂರು ತಲೆಮಾರಿನ ಮಾನ ನಾಲ್ಕು ದಿನಕ್ಕೆ ಬಂದು ನಿಂತಿತು.

ದಿಬ್ಬದಾಚೆ ಹೊಸದಾಗಿ ಎದ್ದ ವಿದ್ಯುತ್ ಸ್ಥಾವರ ನೀರು ಕುಡಿಯುತ್ತದಂತೆ ಎಂಬ ಗುಸುಗುಸು ಇತ್ತು. ಬಹೂಸ್ ತಗಡನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕತ್ತೆ ಹತ್ತಿ ಅಲ್ಲಿಗೇ ಹೊರಟ. ಕಡಲ ಕಡೆಯ ಅನ್ನಾಬಾದಿಂದ ಬಂದ ವಹೀಬಾ ಎಂಬ ಇಂಜಿನಿಯರ್ ಹೆಣ್ಣುಮಗಳು ಅವನನ್ನು ಗೇಟಿನಲ್ಲೇ ಅಟ್ಟದೆ ಒಳಗೆ ಕರೆದಳು. ಒಳ್ಳೆಯ ಮನೆಯ ಹುಡುಗಿ ಇರಬೇಕು.

ಕೊಳವೆಯ ಮೇಲೆ ಅಂಗೈ ಇಟ್ಟರೆ ಮೊಣಕೈವರೆಗೆ ನಡುಗಿತು. ಕಾದ ನೀರನ್ನು ತಣಿಸುವ ಗೋಪುರದ ತುದಿಯಿಂದ ಬೆಳ್ಳಗೆ ಉಗಿ ಏಳುತ್ತಿತ್ತು. ವರ್ಷಕ್ಕೊಂದು ಮೋಡ ಕಾಣದ ಆಕಾಶಕ್ಕೆ ಇಲ್ಲಿ ದಿನವಿಡೀ ಮೋಡ! ಇಂಥವು ದೇಶದಲ್ಲಿ ಎಷ್ಟೋ ಇವೆ, ಎಣ್ಣೆ ಮೇಲೆತ್ತಬೇಕಾದರೂ ನೆಲದೊಳಕ್ಕೆ ನೀರು ನೂಕಬೇಕು, ಅನಿಲ ತೊಳೆಯುವುದಕ್ಕೂ ನೀರೇ ಬೇಕು ಎಂದು ವಹೀಬಾ ವಿವರಿಸಿದಳು. ಇವಕ್ಕೆಲ್ಲ ದೇಶದಲ್ಲಿ ವರ್ಷಕ್ಕೆ ಖರ್ಚಾಗುವ ನೀರಿನ ಲೆಕ್ಕವನ್ನು ಚೀಟಿಯಲ್ಲಿ ಬರೆದೂ ಕೊಟ್ಟಳು.

ಅಂಕಿಯ ಬಾಲದ ಸೊನ್ನೆಗಳು ಅವನಿಗೆ ಏನೂ ಹೇಳಲಿಲ್ಲ. ಆ ನೀರು ಎಷ್ಟು ಫೊಗ್ಗಾರಕ್ಕೆ ಸಮ ಎಂದು ಎಣಿಸಲು ನೆಲದ ಮೇಲೆ ಕುಳಿತು ಜೇಬಿನ ಖರ್ಜೂರದ ಬೀಜ ತೆಗೆದ. ತನ್ನೂರಿನ ಫೊಗ್ಗಾರಕ್ಕೊಂದು ಬೀಜ, ನೆರೆಯೂರಿಗೊಂದು, ಅಪ್ಪನ ಬಾಯಲ್ಲಿ ಕೇಳಿದ್ದ ಒಂದೊಂದು ಹೆಸರಿಗೂ ಒಂದೊಂದು. ಬೀಜ ಮುಗಿದಾಗ ಕಲ್ಲು ಇಟ್ಟ. ವಹೀಬಾಳೂ ಕುಕ್ಕರಗಾಲಲ್ಲಿ ಕುಳಿತು ಕಲ್ಲು ಆಯ್ದುಕೊಟ್ಟಳು. ಅವನಿಗೆ ಗೊತ್ತಿದ್ದ ಫೊಗ್ಗಾರಗಳೆಲ್ಲ ತೀರಿದವು, ಚೀಟಿಯ ನೀರು ತೀರಲಿಲ್ಲ. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೆರಗು.

"ಇಷ್ಟು ಕುಡಿದ್ರೂ ದೇಶದ ಬಾಯಾರಿಕೆ ಆರಿಲ್ವಾ ಮಗಳೇ?" ಎಂದು ಕೇಳಿದ.

ಗೋಡೆಯ ಹಿಂದೆ ಮಣಿಕಟ್ಟಿನಷ್ಟು ದಪ್ಪದ ಕೊಳವೆಯೊಂದು ಮರಳಿಗೆ ನೀರು ಸುರಿಸುತ್ತಿತ್ತು. ಅದೇನು ಅಂದದ್ದಕ್ಕೆ ವಹೀಬಾ ಕೈಯಾಡಿಸಿದಳು.

"ಅದು ಬಿಡಿ ಅಜ್ಜ, ಕೊಳೆ ನೀರು. ನಮ್ಮ ಮೀಟರಿನ ಲೆಕ್ಕಕ್ಕೂ ಸಿಗಲ್ಲ, ಅಷ್ಟು ಕಮ್ಮಿ."

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಬೇಕಿದ್ದರೆ ಅಳೆದುಕೊಳ್ಳಿ ಎಂದಳು. ಬಹೂಸ್ ತಗಡು ಬಿಚ್ಚಲಿಲ್ಲ.

"ಇದರ ವಾರಸುದಾರರು ಯಾರು?"

"ದೇಶದ್ದು ಅಜ್ಜ."

"ಹಂಗಾದ್ರೆ ಕರೀರಿ ಅವರ್ನ. ಅವರಿಲ್ದೆ ನಾ ಅಳೆಯಲ್ಲ."

"ಕೋಟಿ ಕೋಟಿ ಜನ!"

"ಸಿಕ್ಕಷ್ಟು ಜನ ಬರಲಿ."

ವಹೀಬಾ ನಕ್ಕಳು. ಮುದುಕನ ಮುಖ ನೋಡಿ ನಗು ನಿಲ್ಲಿಸಿದಳು. ಆಮೇಲೆ ಕಾವಲುಗಾರ, ಚಾಲಕ, ಎಣ್ಣೆ ಮೆತ್ತಿದ ಬಟ್ಟೆಯ ಕೆಲಸಗಾರರು ಬಂದರು, ಕುಸ್ಕುಸ್ ಮೆತ್ತಿದ ಕೈಯಲ್ಲೇ ಅಡುಗೆಯವನೂ ಬಂದ. ಮರಳು ತೋಡಿ, ಜೇಡಿ ಬಳಿದು, ಗೇಣುದ್ದ ಕಾಲುವೆ ಮಾಡಿದರು. ಬಹೂಸ್ ಬಿಸ್ಮಿಲ್ಲಾ ಹೇಳಿ ತಗಡು ಇಳಿಸಿದ, ತೂತು ಮುಚ್ಚುತ್ತ ಬಂದ, ನೀರು ಅಂಚಿಗೆ ಸಮನಾಗಿ ನಿಂತಿತು.

"ಹನ್ನೆರಡು," ಅಂದ. "ನಮ್ಮೂರು ಪೂರ್ತಿ ಹನ್ನೊಂದು."

ವಹೀಬಾ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡು ಆ ಕೊಳವೆಯನ್ನು ಹೊಸದಾಗಿ ಕಂಡವಳಂತೆ ನೋಡುತ್ತ ನಿಂತಳು.

ಶುಕ್ರವಾರ ನಮಾಜಿನ ನಂತರ ಮಸೀದಿಯಲ್ಲೇ ಊರು ಸೇರಿತು. ಬಹೂಸ್ ಕಂಡದ್ದನ್ನು ಕಂಡಂತೆ ಹೇಳಿದ. ಅವರು ಕುಡಿಯುತ್ತಿರುವುದು ನಮ್ಮ ಸೆಲೆಯೋ ಬೇರೆ ಸೆಲೆಯೋ ತನಗೆ ತಿಳಿಯದು, ಆ ಹುಡುಗಿಗೂ ಖಾತ್ರಿಯಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಲಖ್ದರ್, ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನತ್ತ ಗದ್ದ ಎತ್ತಿ, ಇದರ ವಿದ್ಯುತ್ತು ಎಷ್ಟು ನೀರು ಕುಡಿಯುತ್ತದಂತೆ ಎಂದು ಕುಟುಕಿದ. ಅದನ್ನೂ ಕೇಳಿಕೊಂಡು ಬಂದಿದ್ದ ಬಹೂಸ್, ಹಗಲೆಲ್ಲ ತಿರುಗಿದರೆ ಚಹಾದ ಎರಡು ಕೆಟಲ್ ನೀರು ಎಂದ. ಎಲ್ಲರೂ ತಲೆಯೆತ್ತಿ ನೋಡಿದರು. ಆ ಸೆಕೆಯಲ್ಲಿ ಆರಿಸಲು ಒಬ್ಬನೂ ಏಳಲಿಲ್ಲ, ಬಹೂಸನೂ ಏಳಲಿಲ್ಲ.

"ನನ್ನ ಕಣ್ಣು ಬೇಡ, ನಿನ್ನ ಕಣ್ಣಾಗ್ಲಿ," ಎಂದು ತಗಡನ್ನು ಲಖ್ದರನ ಮಡಿಲಿಗಿಟ್ಟ. ಆ ತಗಡು ಬೇರೆಯವರ ಕೈ ಸೇರಿದ್ದು ಅದೇ ಮೊದಲು.

ನಲವತ್ತು ಮನೆಯವರೂ ದಂಡೆಯ ಮೇಲೆ ನಿಂತರು. ಲಖ್ದರ್ ನಿಲುವಂಗಿ ಎತ್ತಿಕಟ್ಟಿ ಕಾಲುವೆಗೆ ಇಳಿದ. ಜೇಡಿ ಮೆತ್ತಿದ, ತೆಗೆದ, ಮತ್ತೆ ಮೆತ್ತಿದ. ನೀರು ಸಮನಾದಾಗ ಒಮ್ಮೆ ಎಣಿಸಿ, ನಂಬದೆ ಇನ್ನೊಮ್ಮೆ ಎಣಿಸಿದ.

"ಹತ್ತೂವರೆ," ಅಂದ ತಲೆ ತಗ್ಗಿಸಿಯೇ.

ತಗಡನ್ನು ಎರಡೂ ಕೈಯಲ್ಲಿ ಹಿಡಿದು ಬಹೂಸನಿಗೆ ಒಪ್ಪಿಸಿದ. ಕೈಯ ಜೇಡಿ ತೊಳೆಯಲು ಕಾಲುವೆಗೆ ಬಗ್ಗಿದವನು ಅರ್ಧಕ್ಕೇ ತಡೆದು, ಬಟ್ಟೆಗೇ ಒರೆಸಿಕೊಂಡ.