ದೀಪದ ಪೊರೆ

ಕೂತಲ್ಲಿ ಕೂರುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ಹಾಲು ಉಕ್ಕುವ ತನಕ ಒಲೆಯ ಮುಂದೆ ನಿಲ್ಲಲಾರದವಳು ನಾನು. ಅಂಥವಳ ಕೈಗೆ, ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ, ನನ್ನ ಗಂಡ ಎರಡು ಹಿತ್ತಾಳೆ ದೀಪ ಕೊಟ್ಟು, "ಇವು ನಿನ್ನ ಪಾಲು" ಎಂದರು.

ಹೊಳಲ್ಕೆರೆಯಲ್ಲಿ ಅವರದೊಂದು ರಿಪೇರಿ ಶೆಡ್ಡು, ಅದರ ಹಿಂದೆಯೇ ನಮ್ಮ ಮನೆ. ದೀಪಗಳು ಚಿತ್ರದುರ್ಗದ ಹತ್ತಿ ವ್ಯಾಪಾರಿಯೊಬ್ಬರ ಹಳೆಯ ಕಾರಿನವು. ಗೋದಾಮಿನಲ್ಲಿ ವರ್ಷಗಟ್ಟಲೆ ಧೂಳು ತಿಂದ ಕಾರನ್ನು ಹೊಸದರ ಹಾಗೆ ಮಾಡಿಕೊಡಿ ಎಂದು ಅವರು ನಮ್ಮಲ್ಲಿಗೆ ಕಳಿಸಿದ್ದರು. ಅದರ ಒಳ್ಳೆಯ ಕಾಲದಲ್ಲಿ ಇಪ್ಪತ್ತು ವರ್ಷ ಅದನ್ನು ಓಡಿಸಿದ ಡ್ರೈವರ್ ನನ್ನ ಅಪ್ಪ. ಅವ್ವ ಹೋದ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದ. ಎರಡೂ ಕಣ್ಣಿಗೆ ಪೊರೆ ಬಂದು, ಮುದ್ದೆಯ ತಟ್ಟೆಯಲ್ಲಿ ಸಾರು ಎಲ್ಲಿದೆ ಎಂದು ಬೆರಳಲ್ಲಿ ಹುಡುಕುತ್ತಿದ್ದ. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಚಿತ್ರದುರ್ಗದಲ್ಲಿ ಪೊರೆ ತೆಗೆಯುವ ಕಣ್ಣಿನ ಶಿಬಿರ ಇತ್ತು. ಅಪ್ಪನನ್ನು ಕೇಳದೆಯೇ ಹೆಸರು ಬರೆಸಿ ಬಂದಿದ್ದೆ. ಅಪ್ಪ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಕಣ್ಣಿಗೆ ಚೂರಿ ಹಾಕಿಸ್ಕಳಲ್ಲ ನಾನು. ನನಗೆ ಕಾಣ್ತೈತೆ."

"ಏನು ಕಾಣ್ತೈತೆ? ನಿನ್ನೆ ಎಮ್ಮೆನ ನಿನ್ನ ಅಳಿಯ ಅಂದ್ಕಂಡು ಮಾತಾಡ್ಸಿದೆ."

"ಲೇ, ನನ್ನ ಕಾರಿನ ದೀಪ ಉಜ್ಜಿ ಬಿಸಿಲಿಗಿಡು. ಅದರ ಹೊಳಪು ಕಂಡ್ರೆ ಶಿಬಿರ ಇಲ್ಲ. ಕಾಣ್ಲಿಲ್ಲ ಅಂದ್ರೆ ನೀನು ಹೇಳಿದ ಕಡೆ ಬರ್ತೀನಿ."

ಪಂದ್ಯ ಕಟ್ಟಿದ್ದು ಹೀಗೆ. ಶಿಬಿರಕ್ಕೆ ನಾಲ್ಕು ದಿನವಿತ್ತು. ಗೆಲ್ಲಬೇಕಾದವಳು ನಾನು, ದೀಪ ಮಂಕಾಗಿದ್ದಷ್ಟೂ ನನಗೇ ಲಾಭ. ಆದರೂ ಅಪ್ಪನಿಗೆ ಕಾಣಲಿ ಎಂದೇ ಉಜ್ಜಿದೆ. ಹುಣಸೆಹಣ್ಣು, ಉಪ್ಪು ಹಾಕಿ ಕಿಲುಬು ಬಿಡಿಸಿದೆ, ತೊಳೆದು ಒಣಗಿಸಿದೆ, ಗಂಡ ಕೊಟ್ಟ ಪಾಲಿಶ್ ಹಚ್ಚಿ ತೋಳು ಬಿದ್ದುಹೋಗುವ ಹಾಗೆ ತಿಕ್ಕಿದೆ. ಕೊನೆಗೆ, ಅಪ್ಪ ಮಾಡುತ್ತಿದ್ದ ಹಾಗೆಯೇ, ದೇವರ ಮುಂದಿನ ವಿಭೂತಿ ಗಟ್ಟಿಯನ್ನು ಪುಡಿ ಮಾಡಿ ಹಳೆಯ ಪಂಚೆಯ ತುಂಡಿನಲ್ಲಿ ಒಣದಾಗಿಯೇ ತಿಕ್ಕಿದೆ. ಕೊನೆಯ ಕೈ ವಿಭೂತಿಯದು ಎನ್ನುವುದು ಅಪ್ಪನ ಮಾತು. ನಮ್ಮ ಮನೆಯಲ್ಲಿ ಪೂಜೆಯ ಬೆಳ್ಳಿಗೂ ಅದೇ, ಕಾರಿಗೂ ಅದೇ.

ಇನ್ನು ಉಳಿದಿದ್ದು ಕ್ಲಿಯರ್. ಗಾಳಿ ತಾಗಿ ಹಿತ್ತಾಳೆ ಮತ್ತೆ ಕಪ್ಪಾಗದಿರಲಿ ಎಂದು ಮೇಲೆ ಹೊಡೆಯುವ, ಬಣ್ಣವಿಲ್ಲದ ವಾರ್ನಿಶ್ ಅದು. ಅದಕ್ಕೆ ಮೊದಲು ಲೋಹವನ್ನು ತಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ ಪುಡಿ, ಜಿಡ್ಡು ತೆಗೆಯಬೇಕು. ಅದನ್ನು ನನ್ನ ಗಂಡ ಮೂರು ಸಲ ಹೇಳಿದ್ದರು. ನಾನು ಬಟ್ಟೆ ಕೈಗೆತ್ತಿಕೊಂಡೆ. ವಿಭೂತಿಯನ್ನು ಆ ಕೆಟ್ಟ ವಾಸನೆಯ ತಿನ್ನರ್‌ನಿಂದ ಒರೆಸುವುದಕ್ಕೆ ಮನಸ್ಸು ಬರಲಿಲ್ಲ. ಅವಸರವೂ ಇತ್ತು, ಮಾರನೆಯ ದಿನವೇ ಶಿಬಿರ.

"ಒರೆಸಿದ್ಯೇನೆ?" ಎಂದು ಸ್ಪ್ರೇ ಗನ್ ಹಿಡಿದು ಗಂಡ ಕೇಳಿದರು.

"ಹೂಂ, ಹೊಡೀರಿ" ಎಂದುಬಿಟ್ಟೆ.

ಹೊಡೆದಾಗ ದೀಪ ಥಳಥಳ ಎಂದಿತು. ಒಣಗಲಿ ಎಂದು ಅಂಗಳದ ಬಿಸಿಲಿನಲ್ಲಿ ಬಿಟ್ಟು ಒಳಗೆ ಹೋದೆ, ಹೊರಗೆ ಬಂದೆ, ಮತ್ತೆ ಹೋದೆ. ಒಲೆಯ ಮೇಲಿನ ಬೇಳೆ ಸೀದಿತು. ಐದನೆಯ ಸಲ ನೋಡಲು ಬಂದಾಗ ಎರಡೂ ದೀಪದ ಮೇಲೆ ಬೆಳ್ಳಗೆ ಮಸುಕು. ಉಳಿದಿದ್ದ ವಿಭೂತಿಯ ಪುಡಿ ಕ್ಲಿಯರ್‌ನ ಅಡಿಯಲ್ಲಿ ಸಿಕ್ಕಿಬಿದ್ದಿತ್ತು. ಅಪ್ಪನ ಕಣ್ಣೂ ಹಾಗೆಯೇ ಇತ್ತು.

ಗಂಡ ನೋಡಿ ತಲೆ ಚಚ್ಚಿಕೊಳ್ಳುವಷ್ಟರಲ್ಲಿ ಅಪ್ಪ ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದೇಬಿಟ್ಟ. "ಎಲ್ಲೈತೆ?" ಎಂದ. ದೀಪ ಅವನೆದುರಿನ ಸ್ಟೂಲಿನ ಮೇಲೇ ಇತ್ತು. ಅಪ್ಪ ಮುಖವನ್ನು ಆಚೆ ಈಚೆ ತಿರುಗಿಸಿದ, ಕೈ ಚಾಚಿದ, ಒಂದು ಗೇಣು ತಪ್ಪಿ ಗಾಳಿಯನ್ನು ಹಿಡಿದ. ಆಮೇಲೆ ಸಿಕ್ಕಿತು. ಸುಮಾರು ಹೊತ್ತು ಅದರ ಮೇಲೆ ಬೆರಳಾಡಿಸಿದ.

"ಕಾಣಲ್ಲ ಕಣವ್ವ. ನೀನು ಗೆದ್ದೆ. ನಾಳೆ ಹೋಗಾಣ" ಎಂದ.

ಗೆದ್ದೆ, ಆದರೆ ಹೊಳಪೇ ಇಲ್ಲದ ದೀಪ ತೋರಿಸಿ ಕಣ್ಣಿಲ್ಲ ಎಂದು ಅಪ್ಪನ ಬಾಯಲ್ಲೇ ಹೇಳಿಸಿದ್ದೆ. ಹೇಳಿದರೆ ಅಪ್ಪ ಬರುವುದಿಲ್ಲ, ಹೇಳದಿದ್ದರೆ ಮೋಸ. ಬೆಳಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಚಿತ್ರದುರ್ಗದ ಬಸ್ಸಿಗೆ ಕಾಯುತ್ತ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ, ಬಸ್ಸು ಬಂತೇ ಎಂದು ನಾಲ್ಕು ಸಲ ರಸ್ತೆಗೆ ಹೋಗಿ ಬಂದೆ. ಕೊನೆಗೆ ತಡೆಯಲಾರದೆ ಹೇಳಿಯೇಬಿಟ್ಟೆ.

"ಅಪ್ಪಾ, ದೀಪದಾಗೆ ಹೊಳಪೇ ಇರ್ಲಿಲ್ಲ. ನಂದೇ ತಪ್ಪು."

"ಗೊತ್ತು. ವಿಭೂತಿ ಒರೆಸಿಲ್ಲ ನೀನು. ಬೆರಳಿಗೆ ತರಿತರಿ ಹತ್ತಿತು."

"ಮತ್ತೆ ಯಾಕೆ ಬಂದೆ?"

ಅಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ಮಸುಕಾಗಿದ್ರೆ ಮಸುಕಾಗೈತೆ ಅಂತನಾದ್ರೂ ಕಾಣ್ಬೇಕಿತ್ತಲ್ಲವ್ವ. ನನಗೆ ದೀಪನೇ ಕಾಣ್ಲಿಲ್ಲ."

ಬಸ್ಸು ಬಂತು. ನಾನು ಅಲ್ಲೇ ನಿಂತಿದ್ದೆ. ಅಪ್ಪನೇ ನನ್ನ ತೋಳನ್ನು ತಡಕಿ ಹಿಡಿದು, "ನಡಿ, ಹತ್ತು. ಮೊದ್ಲು ನನ್ನ ಪೊರೆ ತೆಗೀಲಿ, ಬಂದ್ಮ್ಯಾಲೆ ದೀಪದ್ದು ನಾನೇ ತೆಗೀತೀನಿ" ಎಂದ.