ಹರಿಯದ ಬಟ್ಟೆಗೆ ತೇಪೆ ಹಾಕುವ ಹಿಲ್ಕಾ

ಬೆಳಗಿನ ಐದೂವರೆ. ಪೂರ್ವ ಫಿನ್‌ಲೆಂಡಿನ ಲೆಹ್ಮಿವಾರಾದ ಬಸ್ ನಿಲ್ದಾಣದ ಪಕ್ಕ ಹೊಲಿಗೆ ಅಂಗಡಿಯೊಂದು ಆಗಲೇ ಬಾಗಿಲು ತೆರೆದಿದೆ. ಜುಲೈ ತಿಂಗಳು, ಸೂರ್ಯ ಎರಡು ಗಂಟೆ ಮೊದಲೇ ಎದ್ದಿದ್ದಾನೆ. ಊರು ಮಾತ್ರ ಎದ್ದಿಲ್ಲ. ಕಿಟಕಿಯ ಬಳಿ ಅರವತ್ತೆಂಟರ ಹಿಲ್ಕಾ ತಿರ್ಕೊನೆನ್ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ತೋಳಿಲ್ಲದ ಜೀನ್ಸ್ ಜಾಕೆಟ್ಟಿನ ಬೆನ್ನಿಗೆ ಕೊಡಲಿ ಹಿಡಿದ ಅಸ್ಥಿಪಂಜರವೊಂದನ್ನು ಹೊಲಿಯುತ್ತಿದ್ದಾರೆ. ರೇಡಿಯೋದಲ್ಲಿ ಹಳೆಯ ಟ್ಯಾಂಗೋ ಹಾಡು ಸಣ್ಣಗೆ ಕೇಳುತ್ತಿದೆ.

"ಪಾಪ, ಇವನಿಗೆ ಒಂದು ಪಕ್ಕೆಲುಬು ಕಮ್ಮಿ ಇದೆ. ಚಿತ್ರ ಬರೆದವನು ಲೆಕ್ಕ ತಪ್ಪಿರಬೇಕು," ಎನ್ನುತ್ತಾರೆ ದಾರ ಕಚ್ಚಿ.

ಶುಕ್ರವಾರ ಕೆರೆದಂಡೆಯಲ್ಲಿ ಹೆವಿ ಮೆಟಲ್ ಹಬ್ಬ. ನಾಲ್ಕು ಸಾವಿರ ಜನರ ಈ ಊರಿನಲ್ಲಿ ಹಲ್ಲಿನ ಡಾಕ್ಟರು ಒಬ್ಬರು, ಪಾದ್ರಿ ಒಬ್ಬರು, ಹೆವಿ ಮೆಟಲ್ ತಂಡಗಳು ಹನ್ನೊಂದು. ಆ ಡಾಕ್ಟರು ಒಂದು ತಂಡದಲ್ಲಿ ಡ್ರಮ್ ಬಾರಿಸುತ್ತಾರೆ. ಪಾದ್ರಿಯ ಜಾಕೆಟ್ ಹೋದ ವಾರವೇ ರಿಪೇರಿಯಾಗಿ ಹೋಗಿದೆ. ವೇದಿಕೆಯ ಮೇಲೆ ಗಂಟಲು ಹರಿದುಕೊಳ್ಳುವವರ ಹೆಸರು ಊರಿಗೆಲ್ಲ ಗೊತ್ತು. ಕೆಳಗೆ ನಿಂತು ತಲೆ ಕೊಡವುವವರ ಬೆನ್ನ ಮೇಲಿನ ತೇಪೆ ಉದುರದ ಹಾಗೆ ನೋಡಿಕೊಳ್ಳುವ ಹಿಲ್ಕಾರ ಹೆಸರನ್ನು ಯಾರೂ ಯಾವ ಭಿತ್ತಿಪತ್ರದಲ್ಲೂ ಹಾಕಿಲ್ಲ.

ಲೋಕದಲ್ಲಿ ಹರಿದ ಬಟ್ಟೆಗೆ ತೇಪೆ ಹಾಕುವುದು ವಾಡಿಕೆ. ಹಿಲ್ಕಾ ಹಾಕುವುದು ಹರಿಯದ ಬಟ್ಟೆಗೆ. ಮೆಚ್ಚಿದ ತಂಡ ಒಂದೊಂದಕ್ಕೂ ಅದರ ಹೆಸರಿನ ಒಂದು ತೇಪೆ. ಹಿಂದೆ ಮುಂದೆ ಜಾಗ ಮುಗಿಯುವ ತನಕ. ಬೇರು ಬಳ್ಳಿಯ ಹಾಗೆ ಹೆಣೆದುಕೊಂಡ ಆ ಹೆಸರುಗಳನ್ನು ಅವರು ಓದಲಾರರು. ಆ ಅಕ್ಷರಗಳನ್ನು ಬರೆದವರೂ ಓದಲಾರರು ಎಂಬುದು ಅವರ ಗುಮಾನಿ. ಅದಕ್ಕೇ ತಮ್ಮದೇ ಹೆಸರಿಟ್ಟುಕೊಂಡಿದ್ದಾರೆ: 'ಬಿದ್ದ ಮರದ ಬೇರು', 'ಸತ್ತ ಜೇಡ', 'ಮುಳ್ಳುತಂತಿ'. ಗಿರಾಕಿಗಳೂ ಈಗ ಹಾಗೇ ಕೇಳುತ್ತಾರೆ: "ಹಿಲ್ಕಾ ಅತ್ತೆ, ನನ್ನ ಸತ್ತ ಜೇಡ ಎಡಗಡೆಗೆ ಬರಲಿ."

ಬೇರೆ ದಿನಗಳಲ್ಲಿ ಒಂಬತ್ತು ಹತ್ತು ಜಿಪ್ಪು, ನಾಲ್ಕೈದು ಪ್ಯಾಂಟಿನ ಅಂಚು. ಹಬ್ಬದ ವಾರ ಅರವತ್ತನಾಲ್ಕು ಜಾಕೆಟ್. ಅಂಗೈಯಗಲದ ತೇಪೆಗೆ ಎಂಬತ್ತು ಹೊಲಿಗೆ, ಎಲ್ಲ ಕೈಯಲ್ಲೇ. ದಪ್ಪ ಬಟ್ಟೆ ಪದರದ ಮೇಲೆ ಪದರ ಕೂತು ದಿನಕ್ಕೆ ಮೂರು ಸೂಜಿಯಾದರೂ ಮುರಿಯುತ್ತವೆ. ಇದರ ಜೊತೆಗೆ, ಗಿರಾಕಿಗಳು ಮನೆಯಲ್ಲಿ ತಾವೇ ಹೊಲಿದುಕೊಂಡಿದ್ದನ್ನು ಬಿಚ್ಚುವ ಕೆಲಸ ಬೇರೆ. ಹಲ್ಲಿನ ಸಂದಿ ಶುಚಿ ಮಾಡುವ ದಾರದಲ್ಲಿ ಹೊಲಿಯುವುದು ಆ ಮಂದಿಯ ಪದ್ಧತಿ. ಬಲವೇನೋ ಇದೆ.

"ಆದ್ರೆ ಪುದೀನ ವಾಸನೆ," ಎನ್ನುತ್ತಾರೆ ಹಿಲ್ಕಾ. "ಸಂಜೆ ಹೊತ್ತಿಗೆ ಕೈಯೆಲ್ಲ ಆಸ್ಪತ್ರೆ ತರ ನಾರುತ್ತೆ. ಡಾಕ್ಟ್ರಿಗೆ ಹೇಳಿದೆ, ನಿಮ್ಮ ಜನ ಹಲ್ಲಿಗೆ ಹಾಕ್ಬೇಕಾದ್ದನ್ನ ಬೆನ್ನಿಗೆ ಹಾಕ್ತಿದಾರೆ ಅಂತ. ಎರಡಕ್ಕೂ ಹಾಕ್ಲಿ ಬಿಡು ಅಂದ್ರು."

ಹಿಲ್ಕಾ ಹದಿನಾರಕ್ಕೇ ಸಮವಸ್ತ್ರ ಹೊಲಿಯುವ ಕಾರ್ಖಾನೆ ಸೇರಿದವರು. ಕಾರ್ಖಾನೆ ಮುಚ್ಚಿದಾಗ ಹಳೆಯ ಯಂತ್ರವೊಂದನ್ನು ಕೊಂಡುಕೊಂಡು ಈ ಅಂಗಡಿ ಇಟ್ಟರು. ಹೊಸ ಪ್ಯಾಂಟು ರಿಪೇರಿಗಿಂತ ಅಗ್ಗವಾದ ಕಾಲ. ನೊಣ ಹೊಡೆಯಲೂ ನೊಣವಿಲ್ಲದ ಚಳಿಗಾಲ. ಇನ್ನು ಮುಚ್ಚುವುದೇ ಸರಿ ಎಂದುಕೊಂಡ ದಿನ ಒಳಗೆ ಬಂದವರು ರೈಮೋ, ಟ್ರ್ಯಾಕ್ಟರ್ ರಿಪೇರಿ ಮಾಡುವವರು, ಉದ್ದ ಗಡ್ಡ, ಮಾತು ಕಡಿಮೆ. ಜಾಕೆಟ್ಟಿಗೆ ತೇಪೆ ಹಾಕಿಸಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, "ಕೆಟ್ಟದಾಗಿಲ್ಲ," ಎಂದರು. ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆ ಒಂದು ಮಾತು ಊರಲ್ಲಿ ಹರಡಿ ತಿಂಗಳೊಳಗೆ ನಲವತ್ತು ಜಾಕೆಟ್ ಬಂದವು. ಅಲ್ಲಿಂದ ಹನ್ನೊಂದು ವರ್ಷ ರೈಮೋ ದಿನಾ ಹತ್ತು ಗಂಟೆಗೆ ಬಂದು ಈ ಅಂಗಡಿಯಲ್ಲಿ ಕಾಫಿ ಕುಡಿದರು. ಇಬ್ಬರೂ ಹೆಚ್ಚೇನೂ ಮಾತಾಡುತ್ತಿರಲಿಲ್ಲ. ಅದು ಗಾಢ ಸ್ನೇಹ.

ಅದನ್ನು ಕೆಡಿಸಿದವರು ಹಿಲ್ಕಾ. ನಾಲ್ಕು ವರ್ಷದ ಹಿಂದೆ ರೈಮೋ ಒಂದು ತೇಪೆ ಹಾಕಲು ಜಾಕೆಟ್ ಬಿಟ್ಟು ವಾರದ ಮಟ್ಟಿಗೆ ಮೀನು ಹಿಡಿಯಲು ಹೋಗಿದ್ದರು. ಅದೇ ವಾರ ಹಿಲ್ಕಾ ಎಂದಿನಂತೆ ಮನೆಯ, ಚಿಂದಿ ಬಟ್ಟೆಯಲ್ಲಿ ನೇಯ್ದ ಜಮಖಾನೆಗಳನ್ನು ಕೆರೆಯ ಮೇಲಿನ ಮರದ ಅಟ್ಟಣೆಗೆ ಒಯ್ದು ಪೈನ್ ಸಾಬೂನು ಹಾಕಿ ಒಗೆಯುತ್ತಿದ್ದರು. ಸಾಬೂನು ಮಿಕ್ಕಿತ್ತು, ಬಿಸಿಲಿತ್ತು. ನೆಲಕ್ಕಿಟ್ಟರೆ ತಾನೇ ನಿಲ್ಲುವಷ್ಟು ಕೊಳೆಯಾಗಿದ್ದ ಗೆಳೆಯನ ಜಾಕೆಟ್ ಸೈಕಲ್ ಬುಟ್ಟಿಯಲ್ಲಿತ್ತು. ಉಪಕಾರವಾಗಲಿ ಎಂದು ಅದನ್ನೂ ಒಗೆದುಬಿಟ್ಟರು.

ಮೆಟಲ್ ಜಾಕೆಟ್ಟನ್ನು ಒಗೆಯಬಾರದು. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ, ಮುರಿದವರೂ ಇಲ್ಲ. ಪ್ರತಿ ಹಬ್ಬದ ಕೆಸರು, ಬಿಯರು, ಬೆವರು ಅದರಲ್ಲಿ ಉಳಿಯಬೇಕು. ಅದು ಅವರ ದಿನಚರಿ ಪುಸ್ತಕ.

"ನನಗೇನು ಗೊತ್ತು? ಗಲೀಜು ಅಂದ್ರೆ ಗಲೀಜು ಅಂತ್ಲೇ ನಮ್ಮಮ್ಮ ಕಲಿಸಿದ್ದು," ಎಂದು ಹಿಲ್ಕಾ ಸೂಜಿ ಕೆಳಗಿಡುತ್ತಾರೆ. "ಬಂದ. ಜಾಕೆಟ್ ಎತ್ತಿ ನೋಡ್ದ. ಹತ್ತು ನಿಮಿಷ ನೋಡ್ದ. ಆಮೇಲೆ 'ನೀಲಿ' ಅಂದ. ಅಷ್ಟೇ. ಹೊರಟುಹೋದ."

ಅದು ನೀಲಿ ಬಣ್ಣದ್ದೆಂದು ಅಲ್ಲಿಯ ತನಕ ಯಾರಿಗೂ ಗೊತ್ತಿರಲಿಲ್ಲ.

ರೈಮೋರ ಹೆಂಡತಿ ಮಾರ್ಕೆಟ್ಟಾ ಮಾತ್ರ ಮರುದಿನವೇ ಏಲಕ್ಕಿ ಬನ್ನು ಮಾಡಿ ತಂದರು. "ಇಪ್ಪತ್ತಾರು ವರ್ಷದಿಂದ ಒಗಿ ಒಗಿ ಅಂತ ಬಡ್ಕೊಂಡಿದ್ದೆ ಕಣೆ, ನಿನ್ನ ಕೈ ತಂಪಾಗಿರಲಿ," ಎಂದರು. ಎರಡು ವರ್ಷ ಕಳೆದ ಮೇಲೆ ಅದೇ ಮಾರ್ಕೆಟ್ಟಾ ಸಪ್ಪೆ ಮುಖ ಮಾಡಿಕೊಂಡು ಬಂದು ನಿಜ ಹೇಳಿದರು. ಜಾಕೆಟ್ಟಿನ ಬೆನ್ನಿನ ಕೆಳಗೆ, ಬಲಗಡೆ, ಒಂದು ಹಳದಿ ಕಲೆ ಇತ್ತು. ಇಪ್ಪತ್ತೆರಡರ ಹುಡುಗಿಯಾಗಿದ್ದಾಗ ಮಾರ್ಕೆಟ್ಟಾ ಹಬ್ಬದ ನೂಕುನುಗ್ಗಲಲ್ಲಿ, ಮುಂದೆ ನಿಂತಿದ್ದ ಯಾವನೋ ಗಡ್ಡದವನ ಬೆನ್ನಿಗೆ ಸಾಸಿವೆ ಸವರಿದ ಸಾಸೇಜನ್ನು ಒತ್ತಿಬಿಟ್ಟಿದ್ದರು. ಅವನು ತಿರುಗಿ ನೋಡಿದ. ಮದುವೆಯಾಯಿತು. ಮಾರ್ಕೆಟ್ಟಾ ಆ ಸಾಸಿವೆಯನ್ನು ಮರೆತೇಬಿಟ್ಟಿದ್ದರು. ರೈಮೋ ಮರೆತಿರಲಿಲ್ಲ.

ಹಿಲ್ಕಾಗೆ ಆ ದಿನ ಅಳು ಬಂತು. ಅಂಗಡಿಯನ್ನು ಉಳಿಸಿದವನ ಮದುವೆಯ ಗುರುತನ್ನೇ ತಾನು ತಿಕ್ಕಿ ತಿಕ್ಕಿ ತೊಳೆದೆನಲ್ಲ ಎಂಬ ಸಂಕಟ ಅವರನ್ನು ಇಂದಿಗೂ ಬಿಟ್ಟಿಲ್ಲ. ಅಂದೇ ಗೋಡೆಗೆ ದೊಡ್ಡ ಅಕ್ಷರದ ಫಲಕ ಹಾಕಿದರು: 'ಇಲ್ಲಿ ಒಗೆಯುವುದಿಲ್ಲ'. ಅದನ್ನು ನೋಡಿ ದೂರದೂರುಗಳಿಂದ ಹೊಸ ಗಿರಾಕಿಗಳು ಬಂದರು. ಬರದವರು ರೈಮೋ ಒಬ್ಬರೇ. ಅರವತ್ತು ಕಿಲೋಮೀಟರ್ ದೂರದ ಚಪ್ಪಲಿ ರಿಪೇರಿಯವನ ಬಳಿ ತೇಪೆ ಹಾಕಿಸಿಕೊಳ್ಳುತ್ತಾರೆ.

"ಅಂಗಡಿ ಬೀದೀಲಿ ಹಿಂದಿನಿಂದ ನೋಡ್ತೀನಿ. ನೈಲಾನ್ ದಾರ," ಎಂದು ಹಿಲ್ಕಾ ಮುಖ ಕಿವುಚುತ್ತಾರೆ. "ಬೈದಿದ್ರೂ ಇಷ್ಟು ನೋವಾಗ್ತಿರಲಿಲ್ಲ."

ಹತ್ತು ಗಂಟೆ. ಬಾಗಿಲ ಗಂಟೆ ಸದ್ದಾಗುತ್ತದೆ. ಒಳಗೆ ಬಂದವರು ರೈಮೋ. ಜುಲೈಯಲ್ಲಿ ದೇಶಕ್ಕೆ ದೇಶವೇ ರಜೆಯ ಮೇಲೆ. ಚಪ್ಪಲಿ ರಿಪೇರಿಯವನೂ ಬೀಗ ಹಾಕಿಕೊಂಡು ಹೋಗಿದ್ದಾನೆ. ಜಾಕೆಟ್ಟಿನ ಬೆನ್ನ ಮೇಲಿನ ದೊಡ್ಡ ತೇಪೆ ಅರ್ಧ ಕಿತ್ತು ನೇತಾಡುತ್ತಿದೆ. ಜಾಕೆಟ್ ರೈಮೋರ ಮೈಮೇಲೇ ಇದೆ.

"ಬಿಚ್ಚಲ್ಲ," ಎನ್ನುತ್ತಾರೆ ರೈಮೋ.

"ಬಿಚ್ಚು ಅಂತ ಯಾರು ಅಂದ್ರು? ತಿರುಗಿ ಕೂತ್ಕೋ."

ರೈಮೋ ಕುರ್ಚಿಯ ಬೆನ್ನಿಗೆ ಎದೆ ಕೊಟ್ಟು ಕೂರುತ್ತಾರೆ. ಹಿಲ್ಕಾ ಕಪಾಟಿನಿಂದ ಹಸಿರು ಅಂಚಿನ ಕಪ್ಪು ತೆಗೆದು ಕಾಫಿ ಬಗ್ಗಿಸುತ್ತಾರೆ. ನಾಲ್ಕು ವರ್ಷದಿಂದ ಅದರಲ್ಲಿ ಬೇರೆ ಯಾರೂ ಕುಡಿದಿಲ್ಲ. ರೈಮೋ ಕಪ್ಪನ್ನು ದಿಟ್ಟಿಸುತ್ತಾರೆ.

"ತೊಳೆದಿದ್ದೀಯಾ?"

"ತೊಳೆದಿದ್ದೀನಿ. ಕಪ್ಪು ತೊಳೀಬಹುದು ತಾನೆ?"

ರೈಮೋರ ಗಡ್ಡ ಸ್ವಲ್ಪ ಅಲುಗುತ್ತದೆ. ಹಿಲ್ಕಾ ನೈಲಾನ್ ದಾರವನ್ನು ಒಂದೊಂದಾಗಿ ಕತ್ತರಿಸಿ ತೆಗೆಯುತ್ತಾರೆ. ಆ ಬೆನ್ನಿಗೆ ಹೇಳುವುದು ಮುಖಕ್ಕೆ ಹೇಳುವುದಕ್ಕಿಂತ ಸುಲಭವೆಂದು ಕಂಡಿರಬೇಕು.

"ಮಾರ್ಕೆಟ್ಟಾ ಹೇಳಿದ್ಲು, ಆ ಸಾಸಿವೆ ವಿಷ್ಯ. ನನ್ನಿಂದ ತಪ್ಪಾಯ್ತು ರೈಮೋ."

ರೇಡಿಯೋದಲ್ಲಿ ಹಾಡು ಮುಗಿದು ಹವಾಮಾನ ವರದಿ ಶುರುವಾಗುತ್ತದೆ. ರೈಮೋ ಕಪ್ಪನ್ನು ಕೆಳಗಿಡುತ್ತಾರೆ.

"ಶುಕ್ರವಾರ ಅವಳನ್ನೂ ಕರ್ಕೊಂಡು ಹೋಗ್ತಿದ್ದೀನಿ. ಸಾಸೇಜ್ ಕೊಡಿಸ್ತೀನಿ. ಸಾಸಿವೆ ಜಾಸ್ತಿ ಹಾಕ್ಸಿ, ಬೆನ್ನ ಹಿಂದೆ ನಿಲ್ಲಿಸ್ಕೋತೀನಿ."

ರೈಮೋ ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಹಿಲ್ಕಾ ಹದಿನೈದು ವರ್ಷದಲ್ಲಿ ಕೇಳಿಲ್ಲ. ತೇಪೆಯನ್ನು ಮೊದಲಿದ್ದ ಜಾಗದಿಂದ ಎರಡು ಬೆರಳು ಮೇಲಕ್ಕೆ ಸರಿಸಿ ಗುಂಡುಸೂಜಿ ಚುಚ್ಚುತ್ತಾರೆ. ಕೆಳಗೆ ಬಲಗಡೆ ಒಂದು ಅಂಗೈಯಷ್ಟು ಬರಿ ಬಟ್ಟೆ ಉಳಿಯುತ್ತದೆ.

ಹೊಲಿಗೆ ಮುಗಿದು, ರೈಮೋ ಕನ್ನಡಿಗೆ ಬೆನ್ನು ತಿರುಗಿಸಿ, ಕತ್ತು ಹೊರಳಿಸಿ ನೋಡಿಕೊಳ್ಳುತ್ತಾರೆ. ಖಾಲಿ ಬಿಟ್ಟ ಜಾಗವನ್ನು ಬೆರಳಿನಿಂದ ಮುಟ್ಟುತ್ತಾರೆ. "ಕೆಟ್ಟದಾಗಿಲ್ಲ. ನಾಳೆ ಹತ್ತಕ್ಕೆ," ಎಂದು ಹೊರಡುತ್ತಾರೆ.

ಅರವತ್ತನಾಲ್ಕಿದ್ದ ಜಾಕೆಟ್ಟಿನ ಲೆಕ್ಕ ಅರವತ್ತೈದಾಗಿದೆ. ಹಿಲ್ಕಾ ಮತ್ತೆ ಅಸ್ಥಿಪಂಜರವನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಇನ್ನೇನಾದರೂ ಆಸೆ ಉಂಟೇ ಎಂದು ಕೇಳಿದರೆ ಉತ್ತರ ಕೊಡಲು ಅವರಿಗೆ ಹೊತ್ತು ಬೇಕಾಗುವುದಿಲ್ಲ.

"ಶುಕ್ರವಾರ ಮಳೆ ಬರದಿದ್ರೆ ಸಾಕು. ಒಗೆದವಳು ನಾನು, ನನಗೆ ಗೊತ್ತು. ಸಾಸಿವೆ ಬಟ್ಟೆಗೆ ಸರಿಯಾಗಿ ಹಿಡೀಬೇಕಾದ್ರೆ ಒಂದು ದಿನ ನೀರು ತಾಕಬಾರದು."