ಅಧ್ಯಕ್ಷರ ಮಗಳು ಕೊಟ್ಟ ಉದಾಹರಣೆ

ನಾನು ಹುಟ್ಟಾ ಅಂಜುಬುರುಕಿ. ಹೊಸಪೇಟೆಯ ಒಂದು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ, ಕಂಪ್ಲಿಯಿಂದ ದಿನಾ ಬಸ್ಸಿಗೆ ಬರುತ್ತೇನೆ. ಬಸ್ಸು ತಡವಾದರೂ ಹೆದರಿಕೆ, ಪ್ರಿನ್ಸಿಪಾಲರು ಸುಮ್ಮನೆ ನೋಡಿದರೂ ಹೆದರಿಕೆ. ರಾಜಕೀಯ ಕಲಿಸೋಳಿಗೆ ಇಷ್ಟು ಪುಕ್ಕಲುತನ ಇರಬಾರದು ಅಂತ ಮನೆಯಲ್ಲಿ ಚಾಷ್ಟಿ ಮಾಡುತ್ತಾರೆ. ಮಾಡಲಿ, ಅವರಿಗೇನು.

ಕ್ಲಾಸಿನೊಳಗೆ ಕಾಲಿಟ್ಟಾಗ ಮಾತ್ರ ನನಗೆ ಎಲ್ಲಿಲ್ಲದ ಧೈರ್ಯ ಬರುತ್ತದೆ. ಬಿ.ಎ. ಮೊದಲ ವರ್ಷದವರಿಗೆ ರಾಜ್ಯ, ಸರ್ಕಾರ, ಸಾರ್ವಭೌಮತ್ವ ಅಂತ ಪುಸ್ತಕ ಓದುತ್ತಾ ಕೂತರೆ ಅರ್ಧ ಕ್ಲಾಸು ತೂಕಡಿಸುತ್ತದೆ. ಗಾದಿಗನೂರು, ವಡ್ಡು ಕಡೆಯ ಮಕ್ಕಳು ನಸುಕಿನಲ್ಲೇ ಎದ್ದು, ಅದಿರು ಲಾರಿಗಳ ಹಿಂದೆ ಧೂಳು ಕುಡಿದು ಬಂದಿರುತ್ತಾರೆ. ಅದಕ್ಕೇ ನಾನು ಪುಸ್ತಕ ಮುಚ್ಚಿಸಿ, ನಿಮ್ಮ ನಿಮ್ಮ ಊರಿನ ಉದಾಹರಣೆ ಹೇಳ್ರಿ ಅನ್ನುತ್ತೇನೆ. ಆಗ ನೋಡಬೇಕು, ಮಲಗಿದವರೆಲ್ಲ ಎದ್ದು ಕೂರುತ್ತಾರೆ.

ಅವತ್ತಿನ ಪಾಠ ಅಧಿಕಾರ ಮತ್ತು ಪ್ರಭಾವ. ಕಾನೂನು ಒಬ್ಬರಿಗೆ ಕೊಡುವುದು ಅಧಿಕಾರ, ನಿಜವಾಗಿ ಯಾರ ಮಾತು ನಡೆಯುತ್ತದೋ ಅದು ಪ್ರಭಾವ, ಎರಡೂ ಒಬ್ಬರ ಹತ್ತಿರವೇ ಇರಬೇಕೆಂದಿಲ್ಲ ಅಂದೆ. ಒಬ್ಬ ತನ್ನ ಅಜ್ಜಿಯ ಹೆಸರು ಹೇಳಿದ. ಇನ್ನೊಬ್ಬ, ಹಂಪಿಯ ಆಟೋ ಸ್ಟ್ಯಾಂಡಿನಲ್ಲಿ ಪೊಲೀಸರಿಗಿಂತ ಒಬ್ಬ ಹಳೇ ಡ್ರೈವರನ ಮಾತೇ ಜಾಸ್ತಿ ನಡೆಯುತ್ತದೆ ಅಂದ. ಆಮೇಲೆ ಮುಂದಿನ ಬೆಂಚಿನ ಹುಡುಗಿ ಎದ್ದಳು. ಸಂಡೂರು ಕಡೆಯ ಹಳ್ಳಿಯವಳು, ತಾಯಿ ಅಲ್ಲಿನ ಪಂಚಾಯ್ತಿ ಅಧ್ಯಕ್ಷೆ. ಸೀಟು ಹೆಂಗಸರಿಗೆ ಮೀಸಲಾಯಿತಂತ ಅಪ್ಪನೇ ತಾಯಿಯನ್ನು ನಿಲ್ಲಿಸಿದನಂತೆ. ಆಫೀಸಿನಲ್ಲಿ ಕೂರುವವನು ಅಪ್ಪ. ಫೋನಿನಲ್ಲಿ "ಅಧ್ಯಕ್ಷರು ಮಾತಾಡೋದು" ಅನ್ನುವವನೂ ಅಪ್ಪ. ತಾಯಿ ಮನೆಯಲ್ಲಿ ರೊಟ್ಟಿ ಬಡಿಯುತ್ತಾ, ನಡುವೆ ಕೈ ಒರೆಸಿಕೊಂಡು, ತೋರಿಸಿದಲ್ಲಿ ಸಹಿ ಮಾಡುತ್ತಾಳೆ.

"ಅಧಿಕಾರ ನಮ್ಮವ್ವಂದು, ಪ್ರಭಾವ ನಮ್ಮಪ್ಪಂದು. ಬರೋಬ್ಬರಿ ಐತೇನ್ರಿ ಮೇಡಂ?" ಅಂತ ಕೇಳಿದಳು.

ಕ್ಲಾಸೆಲ್ಲ ಚಪ್ಪಾಳೆ ಹೊಡೆಯಿತು. ಇಷ್ಟು ಸರಿಯಾದ ಉತ್ತರ ನನಗೆ ಹಿಂದೆ ಯಾರೂ ಕೊಟ್ಟಿರಲಿಲ್ಲ. ಭಾಳ ಚೊಲೋ ಹೇಳಿದಿ ಅಂತ ನಾನೂ ಹಿಗ್ಗಿದೆ.

ಹಿಂದೆ ಕೂತ ಯಾವನೋ ಅದನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್ ಹಾಕಿದ್ದ. ಅವನಿಗೆ ಕೆಟ್ಟ ಬುದ್ಧಿ ಇತ್ತು ಅಂತಲ್ಲ, ತಮಾಷೆಗೆ ಹಾಕಿದ್ದ. ಸಂಜೆ ಬಸ್ಸು ಬುಕ್ಕಸಾಗರ ದಾಟುವಾಗ ಆ ವಿಡಿಯೋ ನನ್ನ ಫೋನಿಗೇ ಬಂತು, ಕಾಲೇಜಿಗೆ ಸಂಬಂಧವೇ ಇಲ್ಲದ ನಮ್ಮ ನೆಂಟರೊಬ್ಬರಿಂದ. ಕೆಳಗೆ ಬರೆದಿತ್ತು: ಮಗಳೇ ಅಪ್ಪನ ಮಾನ ಹರಾಜು ಹಾಕಿದ್ಲು. ಇನ್ನು ಈ ಹುಡುಗಿಯ ಓದು ಮುಗಿಯಿತು, ಬಿಡಿಸಿ ಮದುವೆ ಮಾಡಿಬಿಡುತ್ತಾರೆ ಅನ್ನಿಸಿತು. ನನ್ನ ಕೆಲಸ ಹೋಗಬಹುದು ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆಕೆಗೆ ಫೋನ್ ಮಾಡಿದೆ. ಸ್ವಿಚ್ ಆಫ್ ಆಗಿತ್ತು.

ಮರುದಿನ ಆಕೆ ಬರಲಿಲ್ಲ. ಫೋನ್ ಕಸಿದುಕೊಂಡಾರಂತೆ, ಗಂಡು ನೋಡೋ ಮಾತು ನಡೆದೈತಂತೆ ಅಂತ ಆಕೆಯ ಗೆಳತಿ ಪಿಸುಗುಟ್ಟಿದಳು. ಆಮೇಲಿನ ದಿನ ಆಕೆಯ ಅಪ್ಪನ ಜೀಪು ಕಾಲೇಜಿಗೆ ಬಂತು. ಪ್ರಿನ್ಸಿಪಾಲರು ಕರೀತಾರೆ ಅಂತ ಜವಾನ ಬಂದ.

ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅಪ್ಪ ಕುರ್ಚಿಯಲ್ಲಿ ತಣ್ಣಗೆ ಕೂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವನ ಆ ಸಮಾಧಾನ ನೋಡಿಯೇ ನನಗೆ ಇನ್ನಷ್ಟು ದಿಗಿಲಾಯಿತು. ಅಧ್ಯಕ್ಷೆ ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದಳು, ಹಿಂದೆ ಮಗಳು. ಕುಂದ್ರಮ್ಮಾ ಅಂತ ಪ್ರಿನ್ಸಿಪಾಲರು ಅಂದರು. ಆಕೆ ಗಂಡನ ಕಡೆ ನೋಡಿದಳು. ಅವನು ಏನೂ ಅನ್ನಲಿಲ್ಲ, ಆಕೆ ಕೂರಲಿಲ್ಲ.

ನಿಮ್ಮ ಮ್ಯಾಲೆ ನಮ್ಮದೇನೂ ಇಲ್ಲ ಮೇಡಂ, ಕಲಿಸೋದು ನಿಮ್ಮ ಕೆಲಸ, ಮಗಳು ಕಲಿತದ್ದು ಸಾಕು, ಟಿಸಿ ಕೊಡ್ರಿ ಅಂದ. ಪ್ರಿನ್ಸಿಪಾಲರು ಇಷ್ಟಕ್ಕೇ ಮುಗಿಯಿತಲ್ಲ ಅನ್ನುವಂತೆ ತಕ್ಷಣ ಗುಮಾಸ್ತರನ್ನು ಕರೆಸಿದರು. ಕಡೆಗೆ ಹೆಂಗೋ ಬಾಯಿ ಬಿಟ್ಟೆ.

"ಹುಡುಗಿ ಭಾಳ ಶ್ಯಾಣ್ಯಾಕಿ ಅದಾಳ್ರಿ."

"ಅದ ತ್ರಾಸಾಗೇತಿ ಮೇಡಂ," ಅಂತ ಅವನು ನಕ್ಕ.

ಗುಮಾಸ್ತರು ಟಿಸಿ ಅರ್ಜಿ ಹಿಡಿದು ಬಂದರು. ಸೇರಿಸುವಾಗ ಪೋಷಕರು ಅಂತ ತಾಯಿಯ ಹೆಸರು ಕೊಟ್ಟಿದ್ದಾರೆ, ಸಹಿ ಅವರದೇ ಆಗಬೇಕು ಅಂದರು. ಅಧ್ಯಕ್ಷರ ಮಗಳು ಅನ್ನಿಸಿಕೊಳ್ಳಲಿ ಅಂತ ಅಪ್ಪನೇ ಆಗ ಹಾಗೆ ಬರೆಸಿದ್ದನಂತೆ. ಅವನು ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಪೆನ್ನನ್ನು ಹೆಗಲ ಮೇಲಿಂದ ಹಿಂದಕ್ಕೆ ಚಾಚಿ, ಮಾಡು ಅಂದ. ದಿನಾ ಹಾಗೇ ಮಾಡಿಸುತ್ತಿದ್ದ ಅಂತ ನೋಡಿದವರಿಗೆ ಗೊತ್ತಾಗುತ್ತಿತ್ತು.

ಪೆನ್ನು ಅಲ್ಲೇ ಇತ್ತು. ಯಾರೂ ತೆಗೆದುಕೊಳ್ಳಲಿಲ್ಲ.

"ಇದಕ್ಕ ಮಾಡಂಗಿಲ್ಲ," ಅಂದಳು ಆಕೆ. ದನಿ ಎಷ್ಟು ಸಣ್ಣದಿತ್ತೆಂದರೆ ಫ್ಯಾನಿನ ಸದ್ದಿನಲ್ಲಿ ನನಗೆ ಅರ್ಧ ಮಾತ್ರ ಕೇಳಿಸಿತು.

ಅವನು ತಿರುಗಿದ. ಬಹಳ ಹೊತ್ತು ಆಕೆಯನ್ನು ನೋಡಿದ. ಸಿಟ್ಟು ಕಂಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಪೆನ್ನು ಜೇಬಿಗೆ ಸಿಕ್ಕಿಸಿಕೊಂಡ, ಪ್ರಿನ್ಸಿಪಾಲರಿಗೆ ಕೈ ಮುಗಿದ, ಮನ್ಯಾಗ ಮಾತಾಡ್ತೀವಿ ಬಿಡ್ರಿ ಅಂದ. ಮೂವರೂ ಜೀಪು ಹತ್ತಿದರು.

ಅಂತೂ ಸುಸೂತ್ರ ಆತು ಅಂತ ಪ್ರಿನ್ಸಿಪಾಲರು ಚಹಾ ತರಿಸಿದರು. ನಾನು ಲೋಟ ಅಲ್ಲೇ ಬಿಟ್ಟು ಎದ್ದೆ. ಆ ಮನೆಯಲ್ಲಿ ಬಾಗಿಲು ಹಾಕಿಕೊಂಡ ಮೇಲೆ ಏನು ಮಾತು ನಡೆಯುತ್ತದೆ? ಯಾರನ್ನು ಕೇಳಲಿ, ಯಾವ ಬಾಯಿಂದ ಕೇಳಲಿ? ರಾತ್ರಿಯೆಲ್ಲ ಫೋನನ್ನು ತಲೆದಿಂಬಿನ ಹತ್ತಿರವೇ ಇಟ್ಟುಕೊಂಡೆ.

ಮರುದಿನ ಹುಡುಗಿ ಬಂದಳು. ನನಗೆ ಜೀವ ಬಂದಂತಾಯಿತು. ಕಣ್ಣು ಊದಿದ್ದವು. ವರಾಂಡದಲ್ಲಿ ನಿಲ್ಲಿಸಿ, ಅವ್ವ ಹೆಂಗದಾಳ ಅಂತ ಕೇಳಿದೆ.

"ಯಾರ ಜೋಡಿನೂ ಮಾತಾಡವಲ್ಲಳ್ರಿ. ಮುಂಜಾನೆ ಬಸ್ಸಿನ ತನಕ ಬಂದಿದ್ಲು. ಕಾಲೇಜಿಗೆ ಹೋಗೋದು ಒಂದಿನಾನೂ ತಪ್ಪಸಬ್ಯಾಡ, ಅಲ್ಲಿ ಮಾತ್ರ ಏನೂ ಮಾತಾಡಬ್ಯಾಡ ಅಂದ್ಲು."

ತನ್ನ ಕಣ್ಣು ಯಾಕೆ ಊದಿದ್ದವು, ಅವ್ವನ ಕೈಗೆ ಪಟ್ಟಿ ಯಾಕೆ ಕಟ್ಟಿದ್ದರು ಅಂತ ಆಕೆ ಹೇಳಲಿಲ್ಲ. ಕೈಗೆ ಪಟ್ಟಿ ಇತ್ತು ಅಂತ ಗೆಳತಿಯಿಂದ ನನಗೆ ತಿಳಿದದ್ದು ಆಮೇಲೆ. ಬಲಗೈ.

ಈಗಲೂ ಆಕೆ ಒಂದು ಕ್ಲಾಸೂ ತಪ್ಪಿಸುವುದಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ, ಬಾಯಿ ತೆರೆಯುವುದಿಲ್ಲ. ನಾನು ತಲೆ ಎತ್ತಿ ನೋಡಿ, ಹಾಜರಿ ಹಾಕಿಕೊಳ್ಳುತ್ತೇನೆ.